ದಾದ್, ಒನ್ಸ್‌ಮೋರ್ ಮತ್ತು ಅಂಚೆಕಾರ್ಡು: ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಬಾನುಲಿ ಸಂಗೀತದ ಶ್ರೋತೃ ಪ್ರತಿಕ್ರಿಯೆ

1. ಪ್ರವೇಶ

ಹುಬ್ಬಳ್ಳಿ-ಧಾರವಾಡ ಪರಿಸರದ ಹಿಂದುಸ್ತಾನಿ ಸಂಗೀತ ಪರಂಪರೆಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ವಿಪುಲವಾಗಿದೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ ಮೊದಲಾದವರ ಜೀವನಚರಿತ್ರೆಗಳು, ಆತ್ಮಕಥನಗಳು, ಅಭಿನಂದನ ಗ್ರಂಥಗಳು ಪ್ರಕಟವಾಗಿವೆ. ಘರಾಣೆ, ಗುರುಪರಂಪರೆ, ರಾಗವೈಶಿಷ್ಟ್ಯಗಳ ಬಗೆಗೆ ಚರ್ಚೆ ನಡೆದಿದೆ. ಈ ಎಲ್ಲ ಬರವಣಿಗೆಯ ಕೇಂದ್ರದಲ್ಲಿ ಇರುವವರು ಹಾಡುವವರು. ಕೇಳುವವರು ಮಾತ್ರ ‘ಕಿಕ್ಕಿರಿದ ಸಭೆ’, ‘ಮಂತ್ರಮುಗ್ಧ ಶ್ರೋತೃವೃಂದ’ ಎಂಬಂಥ ಮಾತುಗಳಲ್ಲಿ ಮುಗಿದುಹೋಗುತ್ತಾರೆ. ಅವರು ಏನನ್ನು ಮೆಚ್ಚಿದರು, ಏನನ್ನು ಒಪ್ಪಲಿಲ್ಲ, ಒಪ್ಪದಿದ್ದಾಗ ಏನು ಮಾಡಿದರು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಕೇಳದೆಯೇ ಉಳಿದಿವೆ.

ಹಿಂದುಸ್ತಾನಿ ಸಂಗೀತದ ವಲಯದಲ್ಲಿ ‘ತಾನಸೇನ’ ಎಂಬುದಕ್ಕೆ ಪ್ರಾಸವಾಗಿ ‘ಕಾನಸೇನ’ ಎಂಬ ಪದವೊಂದು ಬಳಕೆಯಲ್ಲಿದೆ. ಹಿಂದಿ, ಮರಾಠಿಗಳಲ್ಲಿ ‘ಕಾನ’ ಎಂದರೆ ಕಿವಿ. ತಾನಸೇನನಾಗುವುದು ಎಲ್ಲರಿಗೂ ಸಾಧ್ಯವಿಲ್ಲ, ಕಾನಸೇನನಾಗುವುದು ಸಾಧ್ಯ ಎಂಬ ವಿನೋದದ ಮಾತಿನಲ್ಲಿ ಕೇಳುವಿಕೆಯೂ ಸಾಧನೆಯಿಂದ ಬರುವ ವಿದ್ಯೆ ಎಂಬ ತಿಳಿವಳಿಕೆಯಿದೆ. ಈ ವಿದ್ಯೆಗೆ ಗ್ರಂಥಗಳಿಲ್ಲ. ಅದು ಬಾಯಿಂದ ಬಾಯಿಗೆ, ಹಿರಿಯರಿಂದ ಕಿರಿಯರಿಗೆ, ಗೆಳೆಯರಿಂದ ಗೆಳೆಯರಿಗೆ ಸಂದು ಬಂದಿದೆ. ಆದ್ದರಿಂದ ಶಾಸ್ತ್ರೀಯ ಸಂಗೀತವು ಜಾನಪದದ ವ್ಯಾಪ್ತಿಗೆ ಬಾರದಿದ್ದರೂ ಅದನ್ನು ಕೇಳುವ ಪರಂಪರೆಯು ಜಾನಪದ ಅಧ್ಯಯನಕ್ಕೆ ಸಲ್ಲುವ ವಸ್ತುವಾಗಿದೆ.

ಗ್ರಾಮಫೋನ್ ತಟ್ಟೆ ಮತ್ತು ಬಾನುಲಿಗಳು ಈ ಕೇಳುವ ಪರಂಪರೆಯಲ್ಲಿ ಉಂಟುಮಾಡಿದ ಬದಲಾವಣೆಯನ್ನು ಪ್ರಸ್ತುತ ಪ್ರಬಂಧವು ಪರಿಶೀಲಿಸುತ್ತದೆ. ಗಾಯಕ ಮತ್ತು ಕೇಳುಗರ ನಡುವಿನ ಪ್ರತ್ಯಕ್ಷ ಸಂಬಂಧವನ್ನು ಯಂತ್ರವು ಕಡಿದುಹಾಕಿದಾಗ ಪ್ರತಿಕ್ರಿಯೆಯು ನಿಂತುಹೋಗಲಿಲ್ಲ. ತನ್ನ ಹಳೆಯ ರೂಪಗಳನ್ನೇ ಹೊಸ ಸಾಧನಗಳಲ್ಲಿ ಕಂಡುಕೊಂಡಿತು ಎಂಬುದು ಇಲ್ಲಿಯ ಪ್ರತಿಪಾದನೆ.

2. ಪ್ರತಿಕ್ರಿಯೆಯ ದೇಶೀ ಮಾದರಿಗಳು

ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಗಂಭೀರವಾಗಿ ಪರಿಗಣಿಸಿದ ಚಿಂತನೆ ಭಾರತಕ್ಕೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಪ್ರಯೋಗದ ‘ಸಿದ್ಧಿ’ಯನ್ನು ಕುರಿತದ್ದು. ಅಲ್ಲಿ ಮಾನುಷೀ ಸಿದ್ಧಿ, ದೈವೀ ಸಿದ್ಧಿ ಎಂಬ ವಿಭಾಗವಿದೆ. ಮಾನುಷೀ ಸಿದ್ಧಿಯಲ್ಲಿ ಮಾತಿನಿಂದ ವ್ಯಕ್ತವಾಗುವುದು ಒಂದು ಬಗೆ, ದೇಹದಿಂದ ವ್ಯಕ್ತವಾಗುವುದು ಇನ್ನೊಂದು ಬಗೆ. ಮುಗುಳುನಗೆ, ‘ಸಾಧು’, ‘ಅಹೋ’ ಮುಂತಾದ ಉದ್ಗಾರಗಳು ಮೊದಲನೆಯದಕ್ಕೆ ಸೇರಿದರೆ ರೋಮಾಂಚನ, ಆಸನದಿಂದ ಎದ್ದು ನಿಲ್ಲುವುದು, ವಸ್ತ್ರದಾನ ಮುಂತಾದವು ಎರಡನೆಯದಕ್ಕೆ ಸೇರುತ್ತವೆ. ಪ್ರದರ್ಶನವು ಗೆದ್ದಿತೇ ಇಲ್ಲವೇ ಎಂಬುದನ್ನು ನಿರ್ಣಯಿಸುವ ಪ್ರಮಾಣ ಪ್ರೇಕ್ಷಕರ ಮೈಮನಗಳಲ್ಲಿದೆ ಎಂಬುದು ಇದರ ತಾತ್ಪರ್ಯ.

ಉತ್ತರ ಕರ್ನಾಟಕದ ಜನಪದ ರಂಗಭೂಮಿಯಲ್ಲಿ ಈ ತತ್ತ್ವವು ಜೀವಂತ ಆಚರಣೆಯಾಗಿ ಉಳಿದುಬಂದಿದೆ. ಸಣ್ಣಾಟ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತಗಳ ರಂಗದಲ್ಲಿ ಮೆಚ್ಚಿದ ಪ್ರೇಕ್ಷಕ ‘ಆಯೇರಿ’ ಮಾಡುತ್ತಾನೆ. ಕೊಟ್ಟವರ ಹೆಸರು, ಊರು, ಕೊಟ್ಟ ಮೊತ್ತ ರಂಗದ ಮೇಲಿಂದಲೇ ಎಲ್ಲರಿಗೂ ಕೇಳುವಂತೆ ಘೋಷಿತವಾಗುತ್ತವೆ. ಗೀಗೀ ಪದಗಳ ಹರದೇಶಿ-ನಾಗೇಶಿ ವಾದದಲ್ಲಿ ಸವಾಲು ಗೆದ್ದವರು ಯಾರು ಎಂಬುದನ್ನು ಕಟ್ಟೆಯ ಸುತ್ತ ಕುಳಿತ ಜನರ ಕೂಗೇ ತೀರ್ಮಾನಿಸುತ್ತದೆ. ಕಂಪನಿ ನಾಟಕಗಳ ಕಾಲದಲ್ಲಿ ‘ಒನ್ಸ್‌ಮೋರ್’ ಎಂಬ ಇಂಗ್ಲಿಷ್ ಮಾತು ಅಕ್ಷರ ಬಾರದವರ ನಾಲಗೆಯ ಮೇಲೂ ಆಡಿತು. ಆ ಕೂಗಿಗೆ ಮಣಿದು ನಟನು ಕಥೆಯ ಓಟವನ್ನು ನಿಲ್ಲಿಸಿ ಅದೇ ಪದವನ್ನು ಮತ್ತೆ ಹಾಡುತ್ತಿದ್ದನು. ಸವಾಯಿ ಗಂಧರ್ವರು ರಂಗಗಾಯಕರಾಗಿ ಖ್ಯಾತಿ ಪಡೆದವರು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಈ ಭಾಗದ ಶಾಸ್ತ್ರೀಯ ಗಾಯಕರ ಕೇಳುಗರೂ ನಾಟಕ ಕಂಪನಿಯ ಕೇಳುಗರೂ ಬೇರೆ ಬೇರೆ ಜನರಾಗಿರಲಿಲ್ಲ ಎಂಬುದು ಗಮನಾರ್ಹ.

ಬೈಠಕ್ಕಿನಲ್ಲಿ ಈ ಪ್ರತಿಕ್ರಿಯೆಯ ಹೆಸರು ‘ದಾದ್’. ಗಾಯಕ ಸಮ್‌ಗೆ ಬಂದು ಸೇರಿದಾಗ ತಲೆದೂಗುವುದು, ಅನಿರೀಕ್ಷಿತ ಸ್ವರಸಂಗತಿಗೆ ‘ವಾಹ್’ ಎನ್ನುವುದು, ಕೈಬೆರಳಿನಲ್ಲಿ ತಾಳ ಹಿಡಿಯುವುದು ಎಲ್ಲವೂ ದಾದ್‌ನ ರೂಪಗಳು. ದಾದ್ ತಪ್ಪು ಜಾಗದಲ್ಲಿ ಬಿದ್ದರೆ ಕೇಳುಗನ ಅಜ್ಞಾನ ಬಯಲಾಗುತ್ತದೆ. ಸರಿಯಾದ ಜಾಗದಲ್ಲಿ ಬಿದ್ದರೆ ಗಾಯಕನ ಮುಂದಿನ ಆವರ್ತನಕ್ಕೆ ಕಳೆ ಏರುತ್ತದೆ. ಜಾನಪದ ವಿದ್ವಾಂಸ ರಿಚರ್ಡ್ ಬಾಮನ್ 1977ರಲ್ಲಿ ಮಂಡಿಸಿದ ಪ್ರದರ್ಶನ ಸಿದ್ಧಾಂತದ ಪ್ರಕಾರ, ಪ್ರದರ್ಶಕನು ತನ್ನ ಕೌಶಲಕ್ಕೆ ಪ್ರೇಕ್ಷಕರೆದುರು ಹೊಣೆಗಾರನಾಗುವುದೇ ಪ್ರದರ್ಶನದ ಲಕ್ಷಣ. ಕುಂದಗೋಳದ ನಾಡಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಗಾಗಿ ಅಹೋರಾತ್ರಿ ನಡೆದುಬಂದ ಸಂಗೀತ ಸಭೆಗಳಲ್ಲಿ ಈ ಹೊಣೆಗಾರಿಕೆ ಎರಡೂ ಕಡೆಗೆ ಇತ್ತು. ಹಾಡುವವರು ಕೇಳುವವರಿಗೆ ಉತ್ತರ ಹೇಳಬೇಕಿತ್ತು. ಕೇಳುವವರು ನಸುಕಿನ ತನಕ ಎಚ್ಚರವಿದ್ದು ಹಾಡುವವರಿಗೆ ಉತ್ತರ ಹೇಳಬೇಕಿತ್ತು.

3. ತಟ್ಟೆಯ ಮುಂದಿನ ಕೇಳುಗ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಆ ಮೊದಲ ತಟ್ಟೆಗಳಲ್ಲಿ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಗಾಯಕಿಯ ಗುರುತು ಸಿಗಲೆಂಬ ವ್ಯಾವಹಾರಿಕ ಕಾರಣ ಅದಕ್ಕಿತ್ತು. ಆದರೆ ಕೇಳುಗರ ದೃಷ್ಟಿಯಿಂದ ಅದೊಂದು ವಿಚಿತ್ರ ಅನುಭವ: ಗಾಯಕಿ ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತಾಳೆ, ಕೇಳುಗರಿಗೆ ಮರುಮಾತಾಡುವ ಉಪಾಯವಿಲ್ಲ. ಹಿಜ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ತಟ್ಟೆಗಳ ಮೇಲಿನ ಮುದ್ರೆಯಲ್ಲಿಯೂ ಹಾಡುವವರ ಚಿತ್ರವಿಲ್ಲ. ಕೊಳವೆಯ ಎದುರು ಕಿವಿಗೊಟ್ಟು ಕುಳಿತ ನಾಯಿಯ, ಅಂದರೆ ಕೇಳುವ ಜೀವಿಯೊಂದರ ಚಿತ್ರವಿದೆ.

ಹತ್ತು ಅಂಗುಲದ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಸಂಗೀತ ಮಾತ್ರ. ಬೈಠಕ್ಕಿನಲ್ಲಿ ಮುಕ್ಕಾಲು ಗಂಟೆ ಹರಡಿಕೊಳ್ಳುವ ಖ್ಯಾಲನ್ನು ಈ ಅಳತೆಗೆ ಇಳಿಸಬೇಕಾಗಿತ್ತು. ಆಲಾಪ ಕುಗ್ಗಿತು, ತಾನುಗಳು ಮುಂದೆ ಬಂದವು. ಜರ್ಮನ್ ಚಿಂತಕ ಥಿಯೊಡೋರ್ ಅಡೋರ್ನೊ 1941ರಲ್ಲಿ ಪ್ರಕಟಿಸಿದ ಬಾನುಲಿ ಸಿಂಫನಿಯನ್ನು ಕುರಿತ ಪ್ರಬಂಧದಲ್ಲಿ, ಯಂತ್ರದ ಮೂಲಕ ಬರುವ ಸಂಗೀತವನ್ನು ಕೇಳುಗರು ಇಡಿಯಾಗಿ ಗ್ರಹಿಸದೆ ತುಣುಕುಗಳಾಗಿ ಗ್ರಹಿಸುತ್ತಾರೆ ಎಂದು ವಾದಿಸಿದನು. ಯಂತ್ರವು ಕೇಳುಗರನ್ನು ನಿಷ್ಕ್ರಿಯಗೊಳಿಸುತ್ತದೆ ಎಂಬುದು ಅವನ ಆತಂಕವಾಗಿತ್ತು.

ಹುಬ್ಬಳ್ಳಿ-ಧಾರವಾಡದ ಆಸುಪಾಸಿನ ಮೂರು ಪ್ರಸಂಗಗಳು ಈ ವಾದವನ್ನು ಮರುಪರಿಶೀಲಿಸುವಂತೆ ಮಾಡುತ್ತವೆ. ಮೊದಲನೆಯದು ಗಂಗೂಬಾಯಿ ಹಾನಗಲ್ ಅವರದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಬೀದಿಗೆ ಓಡಿ ನಿಂತು, ಕೇಳಿದ್ದನ್ನು ಅನುಕರಿಸುತ್ತಿದ್ದರು. ಎರಡನೆಯದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಎಂಬ ಬಾಲಕನದು. ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ, ಅವರ ದನಿಯ ತಿರುವುಗಳೊಂದಿಗೆ ಯಥಾವತ್ತಾಗಿ ಹಾಡಿ ತೋರಿಸಿದ ಆ ಬಾಲಕನಿಗೆ ಮಠದ ಸ್ವಾಮಿಗಳಿಂದ ‘ಕುಮಾರ ಗಂಧರ್ವ’ ಎಂಬ ಬಿರುದು ಬಂದಿತು. ಆ ಬಿರುದೇ ಅವರ ಹೆಸರಾಯಿತು. ಮೂರನೆಯದು ಗದುಗಿನ ಬಾಲಕ ಭೀಮಸೇನನದು. ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ತಟ್ಟೆಯನ್ನು ಕೇಳಿದ ಆ ಹುಡುಗ ಹಾಗೆ ಹಾಡುವುದನ್ನು ಕಲಿಯಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಹೋದನು. ಗ್ವಾಲಿಯರ್ ಮೊದಲಾದ ಕಡೆ ಅಲೆದು ಬಂದ ಮೇಲೆ ಅವನಿಗೆ ದೊರೆತ ಗುರು ಅದೇ ಕರೀಂ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು.

ಈ ಮೂರೂ ಪ್ರಸಂಗಗಳು ಮತ್ತೆ ಮತ್ತೆ ಹೇಳಲ್ಪಟ್ಟು ಈಗ ಐತಿಹ್ಯದ ಸ್ವರೂಪವನ್ನು ಪಡೆದಿವೆ. ಗಾಯಕರ ಜೀವನದ ಮೊದಲ ಅಧ್ಯಾಯವಾಗಿ ಅವನ್ನು ಹೇಳುವುದು ವಾಡಿಕೆ. ಆದರೆ ಆ ಗಳಿಗೆಯಲ್ಲಿ ಅವರು ಗಾಯಕರಾಗಿರಲಿಲ್ಲ, ಕೇಳುಗರಾಗಿದ್ದರು ಎಂಬುದನ್ನು ಮರೆಯಬಾರದು. ಮೂರು ನಿಮಿಷದ ತುಣುಕು ಅವರನ್ನು ನಿಷ್ಕ್ರಿಯರನ್ನಾಗಿಸಲಿಲ್ಲ. ದಾದ್ ಕೊಡಲು ಎದುರಿಗೆ ಗಾಯಕನಿಲ್ಲದಿದ್ದಾಗ ಅನುಕರಣೆಯೇ ದಾದ್ ಆಯಿತು. ‘ಒನ್ಸ್‌ಮೋರ್’ ಎನ್ನಲು ರಂಗಭೂಮಿ ಇಲ್ಲದಿದ್ದಾಗ ಮುಳ್ಳನ್ನು ಎತ್ತಿ ತಟ್ಟೆಯ ಅಂಚಿಗೆ ಮತ್ತೆ ಇಡುವುದೇ ‘ಒನ್ಸ್‌ಮೋರ್’ ಆಯಿತು. ಒಂದು ವ್ಯತ್ಯಾಸವಂತೂ ಉಂಟು. ರಂಗದ ಮೇಲಿನ ‘ಒನ್ಸ್‌ಮೋರ್’ನಲ್ಲಿ ನಟನು ಅದೇ ಪದವನ್ನು ಬೇರೆ ರೀತಿಯಲ್ಲಿ ಹಾಡಬಹುದಾಗಿತ್ತು. ತಟ್ಟೆ ಪ್ರತಿಸಲವೂ ಹಾಡಿದ್ದನ್ನೇ ಹಾಡುತ್ತದೆ. ಹಾಡು ಬದಲಾಗದೆ ಉಳಿದದ್ದರಿಂದ ಬದಲಾಗುವ ಹೊಣೆ ಕಿವಿಯ ಮೇಲೆ ಬಿದ್ದಿತು.

4. ಆಕಾಶವಾಣಿ ಮತ್ತು ಕೇಳುಗನ ಸ್ಥಾನ

ಧಾರವಾಡದಲ್ಲಿ ಬಾನುಲಿ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದರೂ ಅಂದಿನ ಮುಂಬಯಿ ಪ್ರಾಂತದ ಕನ್ನಡಿಗರಿಗೆ ತಮ್ಮದೇ ನೆಲದಿಂದ ಪ್ರಸಾರವಾಗುವ ಕನ್ನಡ ನಿಲಯ ದೊರೆತದ್ದು ಆಗಲೇ. ರಾಜ್ಯದ ಏಕೀಕರಣಕ್ಕಿಂತ ಆರು ವರ್ಷ ಮೊದಲೇ ಈ ಭಾಗದ ಮಾತು ಮತ್ತು ಸಂಗೀತಗಳು ಬಾನುಲಿಯಲ್ಲಿ ಒಂದು ನೆಲೆಯನ್ನು ಪಡೆದವು. ಮಲ್ಲಿಕಾರ್ಜುನ ಮನಸೂರರು ಹಿಂದೆ ಎಚ್.ಎಂ.ವಿ. ಕಂಪನಿಯ ಸಂಗೀತ ನಿರ್ದೇಶಕರಾಗಿದ್ದವರು. ಮುಂದೆ ಧಾರವಾಡ ನಿಲಯದ ಸಂಗೀತ ಸಲಹೆಗಾರರಾದರು. ತಟ್ಟೆಯ ಲೋಕ ಮತ್ತು ಬಾನುಲಿಯ ಲೋಕಗಳೆರಡನ್ನೂ ಒಳಗಿನಿಂದ ಬಲ್ಲ ಗಾಯಕರೊಬ್ಬರು ಆ ಸ್ಥಾನದಲ್ಲಿದ್ದುದು ಈ ಪರಿಸರದ ವಿಶೇಷ.

ಪಶ್ಚಿಮದಲ್ಲಿ ಧ್ವನಿಮುದ್ರಿಕೆಗಳ ವಿಮರ್ಶೆ ಸ್ವತಂತ್ರ ಪ್ರಕಾರವಾಗಿ ಬೆಳೆಯಿತು. ಇಂಗ್ಲೆಂಡಿನಲ್ಲಿ ಕಾಂಪ್ಟನ್ ಮೆಕೆಂಝಿ 1923ರಲ್ಲಿ ‘ಗ್ರಾಮಫೋನ್’ ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿದನು. ಬಿ.ಬಿ.ಸಿ.ಯಲ್ಲಿ 1957ರಿಂದ ‘ರೆಕಾರ್ಡ್ ರಿವ್ಯೂ’ ಎಂಬ ಕಾರ್ಯಕ್ರಮ ಪ್ರಸಾರವಾಯಿತು. ಒಂದೇ ಕೃತಿಯ ಹಲವು ಮುದ್ರಿಕೆಗಳನ್ನು ವಿಮರ್ಶಕರು ಕೇಳಿಸಿ, ತೂಗಿ, ಇಂಥದು ಮೇಲೆಂದು ಶಿಫಾರಸು ಮಾಡುವ ಪದ್ಧತಿ ಅಲ್ಲಿಯದು. ಕೇಳುಗರು ಆ ತೀರ್ಪನ್ನು ಒಪ್ಪಬಹುದು, ತಕರಾರು ಎತ್ತಬಹುದು. ಆದರೆ ಮೊದಲ ಮಾತು ವಿಮರ್ಶಕರದು.

ಆಕಾಶವಾಣಿಯ ದೈನಂದಿನ ಸಂಗೀತ ಪ್ರಸಾರದ ರೀತಿ ಬೇರೆ. ಸೋದಾಹರಣ ಉಪನ್ಯಾಸಗಳು, ಸಂದರ್ಶನಗಳು ನಡೆಯುತ್ತಿದ್ದರೂ ನಿತ್ಯದ ಗಾಯನ-ವಾದನಕ್ಕೆ ಉದ್ಘೋಷಕರು ಸೇರಿಸುತ್ತಿದ್ದುದು ಕಲಾವಿದರ ಹೆಸರು, ರಾಗ, ಪ್ರಕಾರ, ಪಕ್ಕವಾದ್ಯಗಳವರ ಹೆಸರು ಇಷ್ಟನ್ನೇ. ಹಾಡು ಹೇಗಿತ್ತು ಎಂಬ ಮಾತನ್ನು ಅವರು ಆಡುವಂತಿಲ್ಲ. ಈ ಸಂಯಮದ ಫಲವಾಗಿ ವಿಮರ್ಶಕರ ಪೀಠ ಖಾಲಿಯಾಗಿಯೇ ಉಳಿಯಿತು. ಕೇಳುಗರು ಅದರ ಮೇಲೆ ಬಂದು ಕುಳಿತರು. ಮನೆಯ ಪಡಸಾಲೆ, ಚಹಾದಂಗಡಿಯ ಬಾಕು, ಕಚೇರಿಯ ಮಧ್ಯಾಹ್ನದ ಬಿಡುವು ವಿಮರ್ಶೆಯ ಸ್ಥಳಗಳಾದವು. ರಾತ್ರಿ ಕೇಳಿದ ರಾಗದ ಬಗೆಗೆ ಮರುದಿನ ಬೆಳಿಗ್ಗೆ ನಡೆಯುವ ಮಾತುಕತೆ ಮೌಖಿಕ ವಿಮರ್ಶೆಯೇ ಆಗಿತ್ತು.

ಆ ವಿಮರ್ಶೆಯ ಪರಿಭಾಷೆ ಎರಡು ಮೂಲಗಳದು. ‘ತಯ್ಯಾರಿ’, ‘ಬಢತ್’, ‘ಆಮದ್’, ‘ಸುರೀಲಿ’ ಮುಂತಾದವು ಹಿಂದುಸ್ತಾನಿ ಸಂಗೀತದೊಡನೆ ಬಂದ ಪದಗಳು. ‘ಕಳೆಗಟ್ಟಿತು’, ‘ರಂಗೇರಿತು’, ‘ದನಿ ಕುಂತದ’, ‘ಗುಂಗು ಹಿಡೀತು’ ಎಂಬವು ಈ ನೆಲದ ಆಡುಮಾತಿನವು. ‘ತಯ್ಯಾರಿ ಐತಿ, ಆದರ ಕಳೆಗಟ್ಟಲಿಲ್ಲ’ ಎಂಬಂಥ ಒಂದು ವಾಕ್ಯದಲ್ಲಿ ಅಭ್ಯಾಸಬಲ ಬೇರೆ, ರಸಸಿದ್ಧಿ ಬೇರೆ ಎಂಬ ವಿವೇಕ ಅಡಗಿದೆ. ಎರಡು ಭಾಷೆಗಳ ಪದಗಳು ಇಂಥ ತೀರ್ಪಿನಲ್ಲಿ ತಮ್ಮ ತಮ್ಮ ಕೆಲಸವನ್ನು ಹಂಚಿಕೊಂಡಿವೆ: ಕೌಶಲಕ್ಕೆ ಉಸ್ತಾದರ ಪದ, ಅನುಭವಕ್ಕೆ ಮನೆಮಾತಿನ ಪದ.

5. ಅಂಚೆಕಾರ್ಡು: ಆಯೇರಿಯ ಹೊಸ ರೂಪ

ಬಾನುಲಿ ಮತ್ತು ಅಂಚೆಕಚೇರಿಗಳ ನಂಟು ಹಳೆಯದು. 1980ರ ದಶಕದಲ್ಲಿ ರದ್ದಾಗುವವರೆಗೆ ಬಾನುಲಿ ಪೆಟ್ಟಿಗೆಗೆ ಪರವಾನಗಿ ಪಡೆಯಬೇಕಾಗಿತ್ತು; ಅದರ ಶುಲ್ಕವನ್ನು ಅಂಚೆಕಚೇರಿಯಲ್ಲಿ ಕಟ್ಟಬೇಕಾಗಿತ್ತು. ಕೇಳುವ ಹಕ್ಕು ದೊರೆಯುತ್ತಿದ್ದ ಅದೇ ಕಿಟಕಿಯಲ್ಲಿ ಉತ್ತರ ಹೇಳುವ ಸಾಧನವೂ ದೊರೆಯುತ್ತಿತ್ತು. 1879ರಿಂದ ಭಾರತದಲ್ಲಿ ಚಾಲ್ತಿಯಲ್ಲಿರುವ ಅಂಚೆಕಾರ್ಡು ಬಾನುಲಿ ಕೇಳುಗರ ಮುಖ್ಯ ಮಾಧ್ಯಮವಾಯಿತು. ಕಡಿಮೆ ಬೆಲೆ, ಮುಚ್ಚುಮರೆಯಿಲ್ಲದ ಬರಹ, ನಾಲ್ಕಾರು ಸಾಲಿನ ಮಿತಿ ಇವು ಅದರ ಲಕ್ಷಣಗಳು. ತಟ್ಟೆಯ ಮೂರು ನಿಮಿಷದ ಮಿತಿ ಗಾಯಕರಿಂದ ಸಂಕ್ಷಿಪ್ತತೆಯನ್ನು ಬಯಸಿದಂತೆ ಕಾರ್ಡಿನ ಮಿತಿ ಕೇಳುಗರಿಂದ ಸಂಕ್ಷಿಪ್ತತೆಯನ್ನು ಬಯಸಿತು.

ಬಾನುಲಿಗೆ ಬರೆಯುವ ಇಂಥ ಪತ್ರಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಕೋರಿಕೆಯದು ಮೊದಲನೆಯ ಬಗೆ: ಇಂಥವರ ಹಾಡನ್ನು ಮತ್ತೆ ಕೇಳಿಸಿರಿ ಎಂಬುದು. ಇದು ನಾಟಕಮಂದಿರದ ‘ಒನ್ಸ್‌ಮೋರ್’ನ ಲಿಖಿತ ರೂಪ. ಮೆಚ್ಚುಗೆಯದು ಎರಡನೆಯದು, ಇದು ತಡವಾಗಿ ತಲುಪುವ ದಾದ್. ತಿದ್ದುಪಡಿಯದು ಮೂರನೆಯದು: ರಾಗದ ಹೆಸರು ತಪ್ಪಿತು, ತಬಲಾ ನುಡಿಸಿದವರ ಹೆಸರನ್ನು ಹೇಳಲಿಲ್ಲ, ದ್ರುತ್ ಏರುವ ಹೊತ್ತಿಗೆ ವೇಳೆ ಮುಗಿಯಿತೆಂದು ಧ್ವನಿಯನ್ನು ಇಳಿಸಿಬಿಟ್ಟರು ಎಂಬ ಆಕ್ಷೇಪಗಳು. ಸಂಗೀತದ ಘಟನೆಯು ತನ್ನ ಸ್ವಾಭಾವಿಕ ಮುಕ್ತಾಯವನ್ನು ಕಾಣಬೇಕು ಎಂಬ ಬೈಠಕ್ಕಿನ ನಿಯಮವನ್ನು ಈ ಮೂರನೆಯ ಬಗೆಯ ಪತ್ರಗಳು ಗಡಿಯಾರದ ಸಂಸ್ಥೆಯ ಎದುರು ಎತ್ತಿಹಿಡಿಯುತ್ತವೆ.

ಕೋರಿಕೆ ಮತ್ತು ಪತ್ರೋತ್ತರದ ಕಾರ್ಯಕ್ರಮಗಳಲ್ಲಿ ಪತ್ರ ಬರೆದವರ ಹೆಸರನ್ನೂ ಊರನ್ನೂ ಓದುವ ಪದ್ಧತಿಯು ಜಾನಪದ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಸಣ್ಣಾಟದ ರಂಗದ ಮೇಲಿಂದ ಆಯೇರಿ ಮಾಡಿದವರ ಹೆಸರು-ಊರುಗಳನ್ನು ಘೋಷಿಸುವ ಕ್ರಮಕ್ಕೂ ಇದಕ್ಕೂ ರಚನೆಯಲ್ಲಿ ಭೇದವಿಲ್ಲ. ಎರಡರಲ್ಲಿಯೂ ವ್ಯಕ್ತಿಯ ಮೆಚ್ಚುಗೆ ಸಾರ್ವಜನಿಕ ಸಂಗತಿಯಾಗುತ್ತದೆ. ವ್ಯಕ್ತಿಯ ಜೊತೆಗೆ ಊರಿಗೂ ಮಾನ ಬರುತ್ತದೆ. ತಮ್ಮ ಊರಿನ ಹೆಸರು ಬಾನುಲಿಯಲ್ಲಿ ಕೇಳಿಸಿತೆಂಬ ಸಂತೋಷದಲ್ಲಿ ಹಾಡಿನ ಸಂತೋಷವೂ ಬೆರೆತಿರುತ್ತದೆ. ಭರತ ಹೇಳಿದ ವಸ್ತ್ರದಾನ, ಆಟದ ರಂಗದ ಆಯೇರಿ, ಬಾನುಲಿಯ ಅಂಚೆಕಾರ್ಡು ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿದಾಗ ಮಾಧ್ಯಮಗಳು ಬದಲಾದರೂ ಪ್ರತಿಕ್ರಿಯೆಯ ಮೂಲರಚನೆ ಉಳಿದುಬಂದಿರುವುದು ಕಾಣುತ್ತದೆ.

ಪತ್ರ ಬರೆಯದವರ ಪ್ರತಿಕ್ರಿಯೆಯೂ ಒಂದುಂಟು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯು ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚಿನ ಅವಕಾಶ ನೀಡಿ ಚಿತ್ರಗೀತೆಗಳನ್ನು ದೂರವಿರಿಸಿತು. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿಯೇ. ಅದೇ ವರ್ಷ ರೇಡಿಯೊ ಸಿಲೋನಿನಲ್ಲಿ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಕೇಳುಗರು ದೊಡ್ಡ ಸಂಖ್ಯೆಯಲ್ಲಿ ಪೆಟ್ಟಿಗೆಯ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ಆಕಾಶವಾಣಿಯು ‘ವಿವಿಧ ಭಾರತಿ’ಯನ್ನು ಆರಂಭಿಸಬೇಕಾಯಿತು. ಮಾತಿಲ್ಲದ ಈ ಪ್ರತಿಕ್ರಿಯೆ ಯಾವ ಪತ್ರಕ್ಕಿಂತಲೂ ಪ್ರಬಲವಾಗಿತ್ತು. ಸಂಗೀತಾಭಿರುಚಿಯನ್ನು ಮೇಲಿನಿಂದ ರೂಪಿಸಬಹುದೆಂಬ ನಂಬಿಕೆಗೆ ಅದು ಕೆಳಗಿನಿಂದ ಬಂದ ಉತ್ತರ.

6. ತೀರ್ಪಿನ ಮಾನದಂಡಗಳು

ಈ ಪರಿಸರದ ಕೇಳುಗರು ಬಾನುಲಿ ಸಂಗೀತವನ್ನು ಅಳೆಯುವ ಮಾನದಂಡಗಳಲ್ಲಿ ವೇಳೆ, ಮಾತು ಮತ್ತು ದನಿ ಎಂಬ ಮೂರು ವಿಶೇಷವಾಗಿ ಪರಿಶೀಲನಾರ್ಹ.

ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ವೇಳೆಯ ಕಟ್ಟಳೆಯಿದೆ. ಧ್ವನಿಮುದ್ರಣ ವ್ಯವಸ್ಥೆ ವ್ಯಾಪಕವಾಗುವ ಮುನ್ನ ಗಾಯಕರು ನಿಲಯಕ್ಕೆ ಬಂದು ನೇರವಾಗಿಯೇ ಹಾಡುತ್ತಿದ್ದರು. ಬೆಳಗಿನ ರಾಗಕ್ಕೆ ಬೆಳಿಗ್ಗೆ, ರಾತ್ರಿಯ ರಾಗಕ್ಕೆ ರಾತ್ರಿ ಎಂದು ಒಂದೇ ದಿನ ಎರಡು ಮೂರು ಬಾರಿ ಹಾಡುವ ಪದ್ಧತಿಯೂ ಇತ್ತು. ಧ್ವನಿಮುದ್ರಿಕೆಗೆ ವೇಳೆಯ ಹಂಗಿಲ್ಲ. ಯಾವ ರಾಗವನ್ನು ಯಾವ ಹೊತ್ತಿಗೂ ಕೇಳಿಸಬಹುದು. ಆದರೂ ಆಕಾಶವಾಣಿಯು ರಾಗಸಮಯವನ್ನು ಪಾಲಿಸಿಕೊಂಡು ಬಂದಿತು, ಕೇಳುಗರೂ ಅದನ್ನು ನಿರೀಕ್ಷಿಸಿದರು. ಹೀಗೆ ಬಾನುಲಿಯು ಮನೆಗಳಿಗೆ ಗಡಿಯಾರವಾದಂತೆ ರಾಗಗಳ ಪಂಚಾಂಗವೂ ಆಯಿತು. ಶಾಸ್ತ್ರವನ್ನು ಓದದವರಿಗೂ ತೋಡಿ ಬೆಳಗಿನದು, ಮಾರವಾ ಸಂಜೆಯದು ಎಂಬುದು ಅಭ್ಯಾಸಬಲದಿಂದಲೇ ತಿಳಿಯುವಂತಾಯಿತು.

ಎರಡನೆಯದು ಮಾತು. ಖ್ಯಾಲಿನ ಬಂದಿಶ್‌ಗಳು ಬ್ರಜ ಮೊದಲಾದ ಭಾಷೆಗಳವು. ಕನ್ನಡ ಕೇಳುಗರು ಅಲ್ಲಿ ಅರ್ಥವನ್ನು ಅಷ್ಟಾಗಿ ಬೇಡುವುದಿಲ್ಲ, ಸ್ವರವನ್ನು ಬೇಡುತ್ತಾರೆ. ಮನಸೂರರಂಥವರು ಹಿಂದುಸ್ತಾನಿ ರಾಗಗಳಲ್ಲಿ ಬಸವಾದಿ ಶರಣರ ವಚನಗಳನ್ನು ಹಾಡಿದಾಗ, ಭೀಮಸೇನ ಜೋಶಿಯವರು ದಾಸರ ಪದಗಳನ್ನು ಹಾಡಿದಾಗ ಅದೇ ಕೇಳುಗರ ಮಾನದಂಡ ಬದಲಾಯಿತು. ಅಲ್ಲಿ ಪದದ ಉಚ್ಚಾರ ಸ್ಪಷ್ಟವಾಗಿರಬೇಕು, ತಾನಿನ ಭರದಲ್ಲಿ ಅರ್ಥ ಮುರಿಯಬಾರದು, ಅಂಕಿತಕ್ಕೆ ಅದರ ಗೌರವ ಸಲ್ಲಬೇಕು. ವಚನ ಗಾಯನವು ಪ್ರಯೋಗದ ದೃಷ್ಟಿಯಿಂದ ಆಧುನಿಕವಾದದ್ದು. ಆದರೆ ಅದಕ್ಕೆ ಕೇಳುಗರು ಅನ್ವಯಿಸಿದ ಅಳತೆಗೋಲು ಭಜನೆ, ತತ್ತ್ವಪದಗಳಿಂದ ಬಂದದ್ದು. ಒಬ್ಬರೇ ಗಾಯಕರನ್ನು ಒಬ್ಬರೇ ಕೇಳುಗರು ಎರಡು ಅಳತೆಗಳಿಂದ ಅಳೆಯುವ ಈ ರೀತಿ ಗೊಂದಲದ್ದಲ್ಲ, ಪ್ರಕಾರಜ್ಞಾನದ್ದು.

ಮೂರನೆಯದು ದನಿ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿಯ ದನಿ ತೆಳುವಾದ, ಏರುಶ್ರುತಿಯ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಅನಂತರ ಅವರ ದನಿ ಆಳವಾಗಿ, ಗಡಸಾಗಿ, ಗಂಡುದನಿಯೆನ್ನಿಸುವಷ್ಟು ಬದಲಾಯಿತು. ಬಾನುಲಿಯ ಕೇಳುಗರಿಗೆ ಪರಿಚಿತವಾದದ್ದು ಈ ಎರಡನೆಯ ದನಿ. ಮುಖ ಕಾಣದ ಮಾಧ್ಯಮದಲ್ಲಿ ಹೆಣ್ಣಿನ ಹೆಸರೂ ಇಂಥ ದನಿಯೂ ಒಟ್ಟಿಗೆ ಬಂದಾಗ ‘ಹೆಣ್ಣುದನಿ ಎಂದರೆ ಹೀಗಿರಬೇಕು’ ಎಂಬ ರೂಢಿಯ ಕಲ್ಪನೆ ಅಲುಗಾಡಿತು. ಇಂಪು ಎಂಬುದಕ್ಕಿಂತ ಬೇರೆಯಾದ, ಸ್ವರದ ತೂಕ ಎಂಬ ಗುಣವನ್ನು ಕೇಳುಗರು ಗುರುತಿಸಲು ಕಲ್ತರು. ಎರಡೂ ದನಿಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳುವುದು ಬೈಠಕ್ಕಿನಲ್ಲಿ ಅಸಾಧ್ಯ. ಧ್ವನಿಮುದ್ರಿಕೆಯಿಂದ ಮಾತ್ರ ಸಾಧ್ಯ. ತೌಲನಿಕ ವಿಮರ್ಶೆಗೆ ಯಂತ್ರವು ಒದಗಿಸಿದ ಅವಕಾಶಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

7. ಯಾರು ಕೇಳಿದರು?

ಬೈಠಕ್ಕು ಎಲ್ಲರಿಗೂ ತೆರೆದ ಸ್ಥಳವಾಗಿರಲಿಲ್ಲ. ಅಲ್ಲಿ ಯಾರು ಒಳಗೆ ಕುಳಿತುಕೊಳ್ಳಬೇಕು, ಯಾರು ಬಾಗಿಲಾಚೆ ನಿಲ್ಲಬೇಕು ಎಂಬುದನ್ನು ಜಾತಿ, ವರ್ಗ, ಲಿಂಗಗಳು ನಿರ್ಧರಿಸುತ್ತಿದ್ದವು. ಗೃಹಿಣಿಯರಿಗೆ ರಾತ್ರಿಯಿಡೀ ನಡೆಯುವ ಸಭೆ ದೂರವೇ ಆಗಿತ್ತು. ಬಾನುಲಿ ಈ ಕಟ್ಟನ್ನು ತುಸು ಸಡಿಲಿಸಿತು. ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ ಕೇಳಿದ ಹೆಂಗಸರು, ಬೀದಿಯಲ್ಲಿ ನಿಂತು ಅಂಗಡಿಯ ಪೆಟ್ಟಿಗೆಗೆ ಕಿವಿಗೊಟ್ಟ ಕೂಲಿಕಾರರು ಈ ಹೊಸ ಶ್ರೋತೃವರ್ಗಕ್ಕೆ ಸೇರಿದರು. ಅವರು ಪತ್ರ ಬರೆದವರಲ್ಲ. ಸಂಗೀತದ ಪರಿಭಾಷೆ ಬಲ್ಲವರೂ ಅಲ್ಲ. ಆದರೆ ಕೇಳಿದ ಧಾಟಿಯನ್ನು ಬೀಸುವ ಹಾಡಿಗೆ, ಜೋಗುಳಕ್ಕೆ, ಭಜನೆಯ ಪದಕ್ಕೆ ಅಳವಡಿಸಿಕೊಳ್ಳುವುದು ಪ್ರತಿಕ್ರಿಯೆಯ ಇನ್ನೊಂದು ದಾರಿ. ಭಜನಾ ಮಂಡಳಿಗಳ ಹಾಡುಗಳ ಧಾಟಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯವಾಗಿದೆ.

ಬಾನುಲಿಯ ಈ ಔದಾರ್ಯಕ್ಕೂ ಮಿತಿಗಳಿದ್ದವು. 1940ರ ದಶಕದಲ್ಲಿ ಆಕಾಶವಾಣಿಯು ತವಾಯಫ್ ಪರಂಪರೆಯ ಗಾಯಕಿಯರನ್ನು ದೂರವಿಡುವ ನಿಲುವು ತಳೆಯಿತು. ಕಂಪನಿ ನಾಟಕದ ಪ್ರಾಣವಾಗಿದ್ದ ಹಾರ್ಮೋನಿಯಂ 1940ರಿಂದ ಮೂರು ದಶಕಗಳ ಕಾಲ ಬಾನುಲಿಯಿಂದ ಬಹಿಷ್ಕೃತವಾಗಿತ್ತು. ನಾಟಕದ ಪದಗಳನ್ನು ಹಾರ್ಮೋನಿಯಂ ಸಹಿತ ಕೇಳಿ ಬೆಳೆದ ಈ ಭಾಗದ ಕಿವಿಗೆ ಅದೇ ಗಾಯಕರು ಬಾನುಲಿಯಲ್ಲಿ ಸಾರಂಗಿಯೊಂದಿಗೆ ಹಾಡುವುದು ಬೇರೆಯೇ ಅನುಭವವಾಗಿತ್ತು. ಯಾರ ದನಿ, ಯಾವ ವಾದ್ಯ ಕೇಳುಗರನ್ನು ತಲುಪಬೇಕು ಎಂಬುದನ್ನು ಸಂಸ್ಥೆಗಳು ತೀರ್ಮಾನಿಸಿದ ಈ ಇತಿಹಾಸವನ್ನು ಬಿಟ್ಟು ಶ್ರೋತೃ ಪ್ರತಿಕ್ರಿಯೆಯನ್ನು ವಿವೇಚಿಸಲಾಗದು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ದಾದ್, ಒನ್ಸ್‌ಮೋರ್, ಆಯೇರಿ ಎಂಬ ಪ್ರತಿಕ್ರಿಯೆಯ ರೂಪಗಳು ತಟ್ಟೆ ಮತ್ತು ಬಾನುಲಿಗಳ ಕಾಲದಲ್ಲಿ ಅನುಕರಣೆ, ಪುನಃಶ್ರವಣ, ಅಂಚೆಕಾರ್ಡುಗಳಾಗಿ ರೂಪಾಂತರ ಹೊಂದಿದವು. ಬಾನುಲಿಯಲ್ಲಿ ವಿಮರ್ಶಕರ ಪೀಠ ಖಾಲಿಯಿದ್ದುದರಿಂದ ಕೇಳುಗರೇ ಮೌಖಿಕ ವಿಮರ್ಶೆಯ ಪರಂಪರೆಯೊಂದನ್ನು ಕಟ್ಟಿದರು. ಅದಕ್ಕೆ ತನ್ನದೇ ಪರಿಭಾಷೆ, ಮಾನದಂಡ, ಶಿಷ್ಟಾಚಾರಗಳಿದ್ದವು.

ಈ ಪರಂಪರೆಯ ಎರಡು ಭಾಗಗಳ ಭವಿಷ್ಯ ಸಮಾನವಾಗಿಲ್ಲ. ಹಾಡಿದ್ದು ಉಳಿದಿದೆ. ಗಾಯಕರ ತಟ್ಟೆಗಳನ್ನು ಸಂಗ್ರಾಹಕರು ಜೋಪಾನ ಮಾಡಿದ್ದಾರೆ; ಆಕಾಶವಾಣಿಯು ತನ್ನ ಸಂಗ್ರಹದಲ್ಲಿಯ ಧ್ವನಿಮುದ್ರಿಕೆಗಳಲ್ಲಿ ಹಲವನ್ನು ಸಾರ್ವಜನಿಕರಿಗಾಗಿ ಹೊರತಂದಿದೆ. ಆದರೆ ಓದಿಯಾದ ಅಂಚೆಕಾರ್ಡನ್ನು ಕಾಪಿಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಪಡಸಾಲೆಯ ಮಾತುಕತೆಯನ್ನಂತೂ ಯಾರೂ ಮುದ್ರಿಸಿಕೊಳ್ಳಲಿಲ್ಲ. 1950ರ ದಶಕದಲ್ಲಿ ಧಾರವಾಡ ನಿಲಯದ ಪ್ರಸಾರವನ್ನು ಕೇಳುತ್ತ ಬೆಳೆದವರು ಇಂದು ಎಂಬತ್ತರ ಆಚೀಚೆಗಿನವರು. ಅವರ ನೆನಪೇ ಈ ವಿಷಯದ ಮುಖ್ಯ ಆಕರ.

ಆದ್ದರಿಂದ ಕ್ಷೇತ್ರಕಾರ್ಯವು ಕೂಡಲೇ ಆಗಬೇಕಾಗಿದೆ. ಮನೆಗಳಲ್ಲಿ ಉಳಿದಿರಬಹುದಾದ ಪತ್ರಗಳು, ಕೇಳಿದ ರಾಗಗಳನ್ನು ಗುರುತು ಹಾಕಿಕೊಂಡ ಡೈರಿಗಳು, ಪರವಾನಗಿ ಪುಸ್ತಕಗಳು ಸಂಗ್ರಹಯೋಗ್ಯ ಆಕರಗಳು. ಹಿರಿಯ ಕೇಳುಗರಿಗೆ ಹಳೆಯ ಧ್ವನಿಮುದ್ರಿಕೆಯೊಂದನ್ನು ಮತ್ತೆ ಕೇಳಿಸಿ, ಎಲ್ಲಿ ತಲೆದೂಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ, ಯಾವ ಪದ ಬಳಸಿ ಮಾತಾಡುತ್ತಾರೆ ಎಂಬುದನ್ನು ದಾಖಲಿಸುವುದು ಉಪಯುಕ್ತ ವಿಧಾನವಾದೀತು. ವಿದ್ವಾಂಸರು, ಅಧ್ಯಾಪಕರ ಜೊತೆಗೆ ಗೃಹಿಣಿಯರು, ಅಂಗಡಿಕಾರರು, ಭಜನಾ ಮಂಡಳಿಯವರು ಈ ದಾಖಲೆಯಲ್ಲಿ ಇರಬೇಕು.

ಗದುಗಿನಲ್ಲಿ ಕರೀಂ ಖಾನರ ತಟ್ಟೆ ತಿರುಗುತ್ತಿದ್ದಾಗ ಅದನ್ನು ಕೇಳಿದವನು ಭೀಮಸೇನನೊಬ್ಬನೇ ಆಗಿರಲಾರ. ಆ ಬಾಲಕನ ಪ್ರತಿಕ್ರಿಯೆ ಇಂದು ಎಲ್ಲರಿಗೂ ತಿಳಿದಿರುವುದಕ್ಕೆ ಕಾರಣ ಅವನು ಮುಂದೆ ಭೀಮಸೇನ ಜೋಶಿಯಾದದ್ದು. ಅದೇ ಠುಮ್ರಿಯನ್ನು ಕೇಳಿ, ಒಂದು ಗಳಿಗೆ ನಿಂತು, ಏನೋ ಹೇಳಿ ತಮ್ಮ ಕೆಲಸಕ್ಕೆ ಹೊರಟುಹೋದ ಉಳಿದವರ ಮಾತು ಎಲ್ಲಿಯೂ ದಾಖಲಾಗಲಿಲ್ಲ. ಈ ನಾಡಿನ ಸಂಗೀತ ಚರಿತ್ರೆಯು ಪೂರ್ಣವಾಗಬೇಕಾದರೆ ಆ ಮಾತಿಗೂ ಅದರಲ್ಲಿ ಸ್ಥಾನವಿರಬೇಕು.